ಕೃತಕ ಕಾಲು ಧರಿಸುವ ಇಂಜಿನಿಯರ್ ಮತ್ತು ಉನ್ನತ ವ್ಯಾಸಂಗದ ಆಯ್ಕೆ: ಒಂದು ಆಪ್ತಸಲಹೆ ಪ್ರಕರಣ

ಇಪ್ಪತ್ತಾರು ವರ್ಷದ ಕಿರಣ್ (ಹೆಸರು ಮತ್ತು ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಲಾಗಿದೆ) ಮೆಕ್ಯಾನಿಕಲ್ ಇಂಜಿನಿಯರಿಂಗ್ ಪದವೀಧರರು. ಬೆಂಗಳೂರಿನ ಪೀಣ್ಯದ ಕಾರ್ಖಾನೆಯೊಂದರ ವಿನ್ಯಾಸ ವಿಭಾಗದಲ್ಲಿ ಕೆಲಸ ಮಾಡುತ್ತಾರೆ. ರಸ್ತೆ ಅಪಘಾತವೊಂದರಲ್ಲಿ ಮೊಣಕಾಲಿನ ಕೆಳಗೆ ಬಲಗಾಲನ್ನು ಕಳೆದುಕೊಂಡ ಅವರು ಈಗ ಕೃತಕ ಕಾಲು ಧರಿಸಿ ಓಡಾಡುತ್ತಾರೆ. ಸಹಾಯಕ ತಂತ್ರಜ್ಞಾನ ಹಾಗೂ ಪುನರ್ವಸತಿ ಇಂಜಿನಿಯರಿಂಗ್‌ನಲ್ಲಿ, ಅಂದರೆ ಅಂಗವಿಕಲರಿಗೆ ನೆರವಾಗುವ ಸಾಧನಗಳನ್ನು ರೂಪಿಸುವ ವಿಷಯದಲ್ಲಿ, ಸ್ನಾತಕೋತ್ತರ ಪದವಿ ಪಡೆಯಬೇಕೆಂಬುದು ಅವರ ಆಸೆ. ಆಪ್ತಸಲಹೆಗೆಂದು ನನ್ನ ಬಳಿ ಜೊತೆಗೆ ಬಂದಿದ್ದ ತಾಯಿಗೆ ಅದು ಸ್ವಲ್ಪವೂ ಒಪ್ಪಿಗೆಯಿರಲಿಲ್ಲ. “ಮೇಡಂ, ಆಸ್ಪತ್ರೆಯ ಓಡಾಟ ಮುಗಿದು ಈಗಷ್ಟೇ ಮನೆಯಲ್ಲಿ ನೆಮ್ಮದಿ ಬಂದಿದೆ. ಇನ್ನು ಜೀವನಪೂರ್ತಿ ಅದನ್ನೇ ನೋಡುತ್ತಾ ಕೂರುತ್ತೇನೆ ಅಂತಾನೆ,” ಎಂದು ಅವರು ಕಣ್ಣೀರು ಹಾಕಿದರು.

ತಾಯಿಯ ಆತಂಕವನ್ನು ನಾನು ಹಗುರವಾಗಿ ಕಾಣಲಿಲ್ಲ. ಆಘಾತದ ನಂತರ ಕೆಲವರು ಅದೇ ನೋವಿನ ಸುತ್ತ ಬದುಕನ್ನು ಕಟ್ಟಿಕೊಳ್ಳುವುದುಂಟು. ಕಿರಣ್ ಅವರೊಂದಿಗೆ ಪ್ರತ್ಯೇಕವಾಗಿ ಮಾತನಾಡಿದಾಗ ನಾನು ಮುಖ್ಯವಾಗಿ ಗಮನಿಸಿದ್ದು ಇದನ್ನೇ. ಅವರು ಅಪಘಾತದ ಬಗ್ಗೆ ಎರಡು ಮಾತು ಆಡಿ, ಕೂಡಲೇ ಸಾಕೆಟ್‌ನ (ಕೃತಕ ಕಾಲಿನಲ್ಲಿ ಉಳಿದ ಕಾಲು ಕೂರುವ ಬಟ್ಟಲಿನಂಥ ಭಾಗ) ವಿಷಯಕ್ಕೆ ಬಂದರು. ಬೆಳಿಗ್ಗೆ ಬಿಗಿಯಾಗಿ ಕೂರುವ ಸಾಕೆಟ್ ಮಧ್ಯಾಹ್ನದ ಹೊತ್ತಿಗೆ ಸಡಿಲಗೊಳ್ಳುತ್ತದೆ. ಉಳಿದ ಕಾಲಿನ ಗಾತ್ರ ದಿನವಿಡೀ ಸ್ವಲ್ಪಸ್ವಲ್ಪವೇ ಇಳಿಯುವುದೇ ಅದಕ್ಕೆ ಕಾರಣ. ಆಗ ಅವರು ಕಾರ್ಖಾನೆಯ ಶೌಚಾಲಯಕ್ಕೆ ಹೋಗಿ, ಕಾಲು ಬಿಚ್ಚಿ, ಇನ್ನೊಂದು ಪದರ ಕಾಲುಚೀಲ ಹಾಕಿಕೊಂಡು ಬರುತ್ತಾರೆ. ಬಿಚ್ಚದೆಯೇ ಹೊರಗಿನಿಂದ ಬಿಗಿಗೊಳಿಸಬಹುದಾದ ಸಾಕೆಟ್‌ನ ಚಿತ್ರಗಳು ಅವರ ಪುಸ್ತಕದ ತುಂಬ ಇದ್ದವು. ಪ್ರತಿ ಚಿತ್ರದ ಕೆಳಗೆ ಒತ್ತಡ ಎಲ್ಲಿ ಬೀಳುತ್ತದೆ, ಚರ್ಮ ಎಲ್ಲಿ ಉಜ್ಜುತ್ತದೆ ಎಂಬ ಟಿಪ್ಪಣಿಯಿತ್ತು. ಇದು ದುಃಖದಲ್ಲಿ ಸಿಲುಕಿಕೊಂಡವರ ಮಾತಲ್ಲ, ಕೆಲಸದಲ್ಲಿ ಮನಸ್ಸು ನೆಟ್ಟವರ ಮಾತು ಎಂದು ನನಗೆ ಮನವರಿಕೆಯಾಯಿತು.

ಆದರೂ ಒಂದು ಎಚ್ಚರಿಕೆಯನ್ನು ಅವರಿಗೆ ನೇರವಾಗಿಯೇ ಹೇಳಿದೆ. ಅವರ ಅನುಭವ ದೊಡ್ಡ ಆಸ್ತಿ, ಆದರೆ ಅದು ಶೂ ಹಾಕಿಕೊಂಡು ಕುರ್ಚಿಯ ಮೇಲೆ ಕೂತು ಕೆಲಸ ಮಾಡುವ ಒಬ್ಬ ಯುವಕನ ಅನುಭವ. ಗದ್ದೆಯ ಕೆಸರಿನಲ್ಲಿ ನಿಲ್ಲುವವರಿಗೆ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಊಟ ಮಾಡುವವರಿಗೆ, ಕುಕ್ಕರುಗಾಲಿನಲ್ಲಿ ಕೂರಬೇಕಾದವರಿಗೆ ಬೇಕಾದ ಕಾಲೇ ಬೇರೆ. 1968ರಲ್ಲಿ ರೂಪುಗೊಂಡ ‘ಜೈಪುರ ಕಾಲು’ ಎಂಬ ಕೃತಕ ಕಾಲು ಜನರಿಗೆ ಹಿಡಿಸಿದ್ದು ಬರಿಗಾಲಿನ ನಡಿಗೆಯನ್ನೂ ಕುಕ್ಕರಿಸುವುದನ್ನೂ ಅದು ಗಣನೆಗೆ ತೆಗೆದುಕೊಂಡಿತ್ತೆಂಬ ಕಾರಣಕ್ಕೆ. ಆದ್ದರಿಂದ ಯಾವುದೇ ಅರ್ಜಿ ತುಂಬುವ ಮೊದಲು, ಜೆ.ಪಿ. ನಗರದ ಮೊಬಿಲಿಟಿ ಇಂಡಿಯಾ ಅಥವಾ 1959ರಿಂದ ಕೆಲಸ ಮಾಡುತ್ತಿರುವ ಎ.ಪಿ.ಡಿ. (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿ) ಯಂತಹ, ಅಂಗವಿಕಲರಿಗಾಗಿ ದುಡಿಯುವ ಸಂಸ್ಥೆಗಳಲ್ಲಿ ಅನುಮತಿ ಕೇಳಿ, ರಜಾದಿನಗಳಲ್ಲಿ ಸ್ವಯಂಸೇವಕರಾಗಿ ಹೋಗಿ, ಅಲ್ಲಿಗೆ ಬರುವವರ ಮಾತು ಕೇಳಬೇಕೆಂದು ಸೂಚಿಸಿದೆ.

ಪದವಿಯ ವಿಷಯದಲ್ಲಿ ಅವರಿಗಿದ್ದ ದೊಡ್ಡ ಗೊಂದಲ ಬಿಡಿಸಬೇಕಿತ್ತು. ಕೃತಕ ಅಂಗವನ್ನು ಅಳತೆ ತೆಗೆದು ಜೋಡಿಸುವ ವೃತ್ತಿಗೆ ಪ್ರಾಸ್ಥೆಟಿಕ್ಸ್ ಮತ್ತು ಆರ್ಥೋಟಿಕ್ಸ್‌ನಲ್ಲೇ (ಕೃತಕ ಅಂಗಗಳು ಹಾಗೂ ಅಂಗಗಳಿಗೆ ಆಧಾರ ಕೊಡುವ ಪಟ್ಟಿಗಳ ವಿದ್ಯೆ) ಮಾನ್ಯ ವಿದ್ಯಾರ್ಹತೆ ಬೇಕು, ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿಯೂ ಬೇಕು, ಎಂ.ಟೆಕ್. ಮಾಡಿದ ಮಾತ್ರಕ್ಕೆ ಆ ಅಧಿಕಾರ ಬರುವುದಿಲ್ಲ. ಕಿರಣ್‌ಗೆ ಬೇಕಿದ್ದುದು ವಿನ್ಯಾಸ ಎಂಬುದು ಈ ಚರ್ಚೆಯಲ್ಲೇ ಸ್ಪಷ್ಟವಾಯಿತು. ನಮ್ಮಲ್ಲಿ ಈ ವಿಷಯ ಬಹುಪಾಲು ಮೆಕ್ಯಾನಿಕಲ್, ಬಯೋಮೆಡಿಕಲ್ ಅಥವಾ ವಿನ್ಯಾಸ ವಿಭಾಗಗಳ ಒಳಗೇ ಇರುವುದರಿಂದ, ಪದವಿಯ ಹೆಸರಿಗಿಂತ ಮಾರ್ಗದರ್ಶಕರನ್ನೂ ಪ್ರಯೋಗಾಲಯವನ್ನೂ ನೋಡಿ ಆರಿಸಬೇಕು. ನಿಂತುಕೊಳ್ಳಲು ನೆರವಾಗುವ ‘ಅರೈಸ್’ ಗಾಲಿಕುರ್ಚಿಯನ್ನು ರೂಪಿಸಿದ ಐಐಟಿ ಮದ್ರಾಸಿನ ಟಿಟಿಕೆ ಕೇಂದ್ರ, ನಮ್ಮೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಡಿಸೈನ್ ಎಂಬ ವಿನ್ಯಾಸದ ಸ್ನಾತಕೋತ್ತರ ಕೋರ್ಸ್, ಇವೆರಡನ್ನು ಮೊದಲು ಪರಿಶೀಲಿಸಲು ಹೇಳಿದೆ. ಇಂಜಿನಿಯರಿಂಗ್ ಸ್ನಾತಕೋತ್ತರ ಪ್ರವೇಶಕ್ಕೆ ಬರೆಯುವ ಗೇಟ್ ಪರೀಕ್ಷೆಯ ಅಂಕ ಮೂರು ವರ್ಷ ಊರ್ಜಿತವಾಗಿರುವುದರಿಂದ, ಈಗಲೇ ಪರೀಕ್ಷೆ ಬರೆದರೂ ಕೆಲಸ ಬಿಡುವ ಆತುರವಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅಂಗವೈಕಲ್ಯ ಮತ್ತು ವಿನ್ಯಾಸದ ಸ್ನಾತಕೋತ್ತರ ಕೋರ್ಸಿದೆ ಎಂದು ಅವರು ಹೇಳಿದರು. ಅದು ಒಳ್ಳೆಯದೇ ಇರಬಹುದು. ಆದರೆ ತಂದೆಯ ನಿವೇಶನ ಅಡವಿಟ್ಟು ಹೋಗುವುದನ್ನು ನಾನು ಪ್ರೋತ್ಸಾಹಿಸಲಿಲ್ಲ. ಸಾಲದ ಕಂತಿಗೆ ಹೆದರಿ ಮತ್ತೆ ಬೇರೆ ಉದ್ಯಮಕ್ಕೇ ಮರಳಬೇಕಾಗಿ ಬಂದರೆ ಈ ಓದಿನ ಉದ್ದೇಶವೇ ಕೈತಪ್ಪುತ್ತದೆ.

ಮೀಸಲಾತಿಯ ಮಾತು ಬಂದಾಗ ಕಿರಣ್ ತಲೆತಗ್ಗಿಸಿದರು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಪ್ರಕಾರ ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳು ಕನಿಷ್ಠ ಶೇ. 5ರಷ್ಟು ಸೀಟುಗಳನ್ನು ಮೀಸಲಿಡಬೇಕು, ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯದ ಪ್ರಮಾಣಪತ್ರವಿರುವವರು ಅದಕ್ಕೆ ಅರ್ಹರು. ಆದರೆ ಕಿರಣ್ “ಕನಿಕರದ ಸೀಟು” ಬೇಡವೆಂದರು. ಅಂಗವಿಕಲರ ಸಾಧನಗಳನ್ನು ಅಂಗವಿಕಲರಿಲ್ಲದ ಕೊಠಡಿಗಳಲ್ಲೇ ವಿನ್ಯಾಸ ಮಾಡಿಕೊಂಡು ಬಂದಿರುವುದನ್ನು ಸರಿಪಡಿಸಲು ಇರುವ ದಾರಿಗಳಲ್ಲಿ ಇದೂ ಒಂದು, ಇದು ಕಾನೂನು ಕೊಟ್ಟ ಹಕ್ಕು, ಇದರಲ್ಲಿ ಕನಿಕರದ ಪ್ರಶ್ನೆಯೇ ಇಲ್ಲ ಎಂದು ನಾನು ಒತ್ತಿ ಹೇಳಿದೆ. ಅರ್ಜಿಯಲ್ಲಿ ಆ ಕಾಲಂ ತುಂಬುವ ತೀರ್ಮಾನವನ್ನು ಅವರಿಗೇ ಬಿಟ್ಟೆ.

ತಾಯಿಗೆ ನಾನು ಕೇಳಿಕೊಂಡದ್ದು ಇಷ್ಟೇ: ಒಂದು ಸಲ ಮಗನ ಜೊತೆ, ಅವರು ಸ್ವಯಂಸೇವಕರಾಗಿ ಹೋಗುವ ಸಂಸ್ಥೆಗೆ ಹೋಗಿ ಬನ್ನಿ, ಆಮೇಲೆ ಬೇಡವೆನ್ನಿ. ಮುಂದಿನ ಭೇಟಿಯಲ್ಲಿ ಅವರ ವಿರೋಧ ಪೂರ್ತಿ ಹೋಗಿರಲಿಲ್ಲ, ಆದರೆ ಪ್ರಶ್ನೆಗಳು ಬದಲಾಗಿದ್ದವು: ಓದಿನ ಎರಡು ವರ್ಷ ಮನೆ ಖರ್ಚಿಗೆ ಏನು, ಮುಗಿದ ಮೇಲೆ ಬೆಂಗಳೂರಿನಲ್ಲೇ ಕೆಲಸ ಸಿಗುತ್ತದೆಯೇ. ಈ ಲೆಕ್ಕವನ್ನು ತಂದೆಯನ್ನೂ ಕೂರಿಸಿಕೊಂಡು ಮಾಡಬೇಕೆಂದು ತೀರ್ಮಾನಿಸಿದೆವು. ಕಿರಣ್ ಸದ್ಯ ಕೆಲಸದಲ್ಲಿದ್ದುಕೊಂಡೇ ಗೇಟ್‌ಗೆ ಓದುತ್ತಿದ್ದಾರೆ. ರಾಜೀನಾಮೆಯ ಮಾತನ್ನು ಫಲಿತಾಂಶ ಬಂದ ನಂತರ ಮೂವರೂ ಸೇರಿ ಚರ್ಚಿಸಲಿದ್ದಾರೆ.