‘ಕ್ಯಾಪ್ಟನ್ ಅಮೆರಿಕ: ದಿ ಫಸ್ಟ್ ಅವೆಂಜರ್’ (2011) ಎರಡನೇ ಸಲ ನೋಡುವಾಗ ಏನನ್ನು ಗಮನಿಸಬೇಕು?

ಮೊದಲು ಸಣಕಲು ಸ್ಟೀವ್‌ನನ್ನೇ, ಅಂದರೆ ಕ್ಯಾಪ್ಟನ್ ಅಮೆರಿಕ ಆಗುವ ಮೊದಲಿನ ನಾಯಕನನ್ನೇ ನೋಡಿ. ಅದು ಬೇರೆ ನಟನ ದೇಹಕ್ಕೆ ಮುಖ ಅಂಟಿಸಿದ್ದು ಎಂದೇ ಹಲವರು ತಿಳಿದಿದ್ದಾರೆ. ಕೆಲವು ಶಾಟ್‌ಗಳಲ್ಲಿ ಅದು ನಿಜವೇ, ಆದರೆ ಬಹುಪಾಲು ಕಡೆ ಇರುವುದು ನಾಯಕನಟ ಕ್ರಿಸ್ ಇವಾನ್ಸ್ ಅವರದೇ ದೇಹ. ಅದನ್ನು ಕಂಪ್ಯೂಟರಿನಲ್ಲಿ ಒಂದೊಂದೇ ಫ್ರೇಮ್ ಹಿಡಿದು ಕುಗ್ಗಿಸಿದ್ದಾರೆ. ಇಲ್ಲಿ ಕೆಡುವುದು ಸಾಮಾನ್ಯವಾಗಿ ನೋಟದ ದಿಕ್ಕು: ಆಳು ಕುಳ್ಳಗಾದಾಗ ಕಣ್ಣೂ ಕೆಳಗಿಳಿಯುತ್ತದೆ, ಎದುರಿನವರು ಮೊದಲಿನ ಎತ್ತರಕ್ಕೇ ನೋಡುತ್ತಿದ್ದರೆ ಮೋಸ ಬಯಲಾಗುತ್ತದೆ. ಹಾಗಾಗಿ ಸಹನಟರು ಇವಾನ್ಸ್ ಕಣ್ಣಿನ ಬದಲು ಗದ್ದದ ಹತ್ತಿರ ನೋಡಬೇಕಿತ್ತು. ಕುಗ್ಗಿಸಿದ ದೇಹದ ಸುತ್ತ ಖಾಲಿಯಾಗುವ ಹಿನ್ನೆಲೆಯನ್ನೂ ತುಂಬಬೇಕು. ಗೋಡೆ, ಬಾಗಿಲ ಅಂಚುಗಳ ಮೇಲೆ ಕಣ್ಣಿಡಿ.

ಆಮೇಲೆ ಸ್ಟೀವ್ ವೇದಿಕೆಯೇರಿ ಬಾಂಡ್ (ಯುದ್ಧದ ಖರ್ಚಿಗೆ ಸರ್ಕಾರ ಜನರಿಗೆ ಮಾರುವ ಸಾಲಪತ್ರ) ಮಾರುವ ಹಾಡು. ಮೊದಲ ಸಲ ತಮಾಷೆಯೆನಿಸಿ ದಾಟಿಹೋಗುವ ಈ ಭಾಗವೇ ಚಿತ್ರದ ಅತ್ಯಂತ ಜಾಣ ತುಣುಕು. ಅಲ್ಲಿ ಮಾರುವ ‘ಸೀರೀಸ್ ಇ’ ಬಾಂಡ್ ನಿಜವಾಗಿಯೂ ಇತ್ತು: 18.75 ಡಾಲರ್ ಕೊಟ್ಟರೆ 10 ವರ್ಷಕ್ಕೆ 25 ಡಾಲರ್. ವೇದಿಕೆಯ ಮೇಲೆ ಹಿಟ್ಲರ್‌ಗೆ ಬೀಳುವ ಗುದ್ದು ಬಂದದ್ದು ‘ಕ್ಯಾಪ್ಟನ್ ಅಮೆರಿಕ’ ಕಾಮಿಕ್ಸ್‌ನ 1941ರ ಮೊದಲ ಸಂಚಿಕೆಯ ಮುಖಪುಟದಿಂದ. ಅಮೆರಿಕ ಆಗಿನ್ನೂ ಯುದ್ಧಕ್ಕೆ ಇಳಿದಿರಲಿಲ್ಲ.

ಚಿತ್ರದ ಖಳರ ಪಡೆಯಾದ ಹೈಡ್ರಾದ ನೀಲಿ ಆಯುಧಗಳಲ್ಲಿ ಇತಿಹಾಸ ಹುಡುಕಬೇಡಿ, ಅವು ಬರೀ ಕಲ್ಪನೆ. ಸಾಧ್ಯವಾದರೆ ಕೋಣೆಯ ದೀಪ ಆರಿಸಿ, ಟಿವಿಯ ‘ಮೋಷನ್ ಸ್ಮೂದಿಂಗ್’ ತೆಗೆದು ನೋಡಿ. ಅದು ಚಾಲೂ ಇದ್ದರೆ ಟಿವಿಯೇ ನಡುನಡುವೆ ಫ್ರೇಮ್ ಸೃಷ್ಟಿಸುವುದರಿಂದ ಗ್ರಾಫಿಕ್ಸ್ ಅಂಚುಗಳು ಕಲಸಿದಂತೆ ಕಾಣಬಹುದು.