ಕುದುರೆ ರೇಸಿಗೆ ‘ಡರ್ಬಿ’ ಅಂತ ಹೆಸರು ಬಂದಿದ್ದು ಹೇಗೆ? ಮೂರು ವರ್ಷದ ಕುದುರೆಗಳೇ ಯಾಕೆ?

ನಮ್ಮ ಬೆಂಗಳೂರಿನ ರೇಸ್ ಕೋರ್ಸ್ ರಸ್ತೆಯಲ್ಲಿ ಓಡಾಡುವವರಿಗೆಲ್ಲ ‘ಡರ್ಬಿ’ ಅನ್ನೋ ಮಾತು ಗೊತ್ತು. ಅದು ಒಬ್ಬ ಮನುಷ್ಯನ ಪದವಿಯಿಂದ ಬಂದ ಹೆಸರು. ಇಂಗ್ಲೆಂಡಿನ ಎಪ್ಸಮ್‌ನಲ್ಲಿ 1780ರ ಮೇ 4ರಂದು ಮೊದಲ ಡರ್ಬಿ ಓಟ ನಡೆಯಿತು. ಅರ್ಲ್ (ಒಂದು ಶ್ರೀಮಂತ ಪದವಿ) ಆಫ್ ಡರ್ಬಿ, ಕುದುರೆ ರೇಸಿನ ಮುಖಂಡ ಸರ್ ಚಾರ್ಲ್ಸ್ ಬನ್ಬರಿ ಇಬ್ಬರಲ್ಲಿ ಯಾರ ಹೆಸರಿಡೋದು ಅಂತ ನಾಣ್ಯ ಚಿಮ್ಮಿದರಂತೆ, ಡರ್ಬಿ ಗೆದ್ದರಂತೆ. ಇದು ಬಾಯಿಮಾತಿನ ಕಥೆ. ಆದರೆ ಮೊದಲ ಓಟ ಗೆದ್ದಿದ್ದು ಬನ್ಬರಿಯವರ ಕುದುರೆ ಡಯೋಮೆಡ್! ಡರ್ಬಿಯವರು ಗೆಲುವಿಗೆ 1787ರವರೆಗೆ ಕಾಯಬೇಕಾಯಿತು.

ಡಯೋಮೆಡ್ ಕಥೆ ನನಗೆ ತುಂಬಾ ಇಷ್ಟ. ವಯಸ್ಸಾಯಿತು, ಇನ್ನು ಪ್ರಯೋಜನವಿಲ್ಲ ಅಂತ 21ನೇ ವಯಸ್ಸಿನಲ್ಲಿ ಅದನ್ನು ಬರೀ 50 ಗಿನಿಗೆ (ಇಂಗ್ಲೆಂಡಿನ ಹಳೆಯ ಚಿನ್ನದ ನಾಣ್ಯ) ಮಾರಿ ಅಮೆರಿಕಕ್ಕೆ ಹಡಗು ಹತ್ತಿಸಿದರು. ಅಲ್ಲಿ ಅದರ ಮರಿಗಳಿಂದ ದೊಡ್ಡ ವಂಶವೇ ಬೆಳೆಯಿತು.

ಮೊದಲು ಡರ್ಬಿ ಓಟ ಒಂದೇ ಮೈಲಿ, 1784ರಿಂದ ಒಂದೂವರೆ ಮೈಲಿ. ಏರು ಹತ್ತಿ, ಎಪ್ಸಮ್ ಓಟದ ಹಾದಿಯ ಟ್ಯಾಟನಮ್ ತಿರುವಿನತ್ತ ಇಳಿಜಾರಿನಲ್ಲೇ ಎಡಕ್ಕೆ ಹೊರಳಬೇಕು. ಬರೀ ವೇಗ ಸಾಲದು, ದಮ್ಮೂ ಬೇಕು, ಅಲ್ವಾ? ಮೂರು ವರ್ಷದವಕ್ಕೆ ಮಾತ್ರ ಅಂದರೆ, ಒಂದು ಕುದುರೆಗೆ ಜೀವಮಾನದಲ್ಲಿ ಒಂದೇ ಅವಕಾಶ. ಅದಕ್ಕೇ ಈ ಗೆಲುವಿಗೆ ಅಷ್ಟು ಬೆಲೆ.