ಹುಣ್ಣಿಮೆಯ ಚಂದ್ರ, ಕಡಲಿನ ಉಬ್ಬರ ಮತ್ತು ತುಂಗಭದ್ರೆಯ ಹಿನ್ನೀರು

ಮಾನ್ಯ ಶಿಕ್ಷಕಿಯವರೇ,

ತಮ್ಮ ಪತ್ರ ಓದಿ ಬಹಳ ಸಂತೋಷವಾಯಿತು. ಕೊಪ್ಪಳ ಜಿಲ್ಲೆಯ ಹಿನ್ನೀರಿನ ದಂಡೆಯ ಊರೊಂದರ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ತಾವು ಮಕ್ಕಳನ್ನು ಮುನಿರಾಬಾದಿಗೆ ಕರೆದೊಯ್ದು ಅಣೆಕಟ್ಟು ತೋರಿಸಿದಾಗ, ಆಚೆ ದಡ ಕಾಣದಷ್ಟು ಹರಡಿದ ನೀರನ್ನು ನೋಡಿ ಒಬ್ಬ ಹುಡುಗಿ, "ಇದೂ ಸಮುದ್ರದ ಹಾಗೇ ಇದೆಯಲ್ಲ, ಹುಣ್ಣಿಮೆಗೆ ಇದರಲ್ಲೇಕೆ ಉಬ್ಬರ ಬರುವುದಿಲ್ಲ?" ಎಂದು ಕೇಳಿದಳೆಂದು ಬರೆದಿದ್ದೀರಿ. ಅದರ ಜೊತೆಗೆ ತಮ್ಮದೇ ಒಂದು ಆಕ್ಷೇಪವನ್ನೂ ಸೇರಿಸಿದ್ದೀರಿ: ಅಮಾವಾಸ್ಯೆಯಂದು ಸೂರ್ಯಚಂದ್ರರು ಒಂದೇ ಕಡೆ ನಿಂತು ಎಳೆಯುವುದರಿಂದ ಉಬ್ಬರ ಹೆಚ್ಚುತ್ತದೆ ಎಂಬುದು ಸರಿ, ಆದರೆ ಹುಣ್ಣಿಮೆಯಂದು ಇಬ್ಬರೂ ಎದುರುಬದುರು ನಿಂತು ಎಳೆಯುವಾಗ ಒಬ್ಬರ ಎಳೆತವನ್ನು ಇನ್ನೊಬ್ಬರದು ಕಳೆಯಬೇಕಲ್ಲವೇ?

ಕಳೆದ ಸಂಚಿಕೆಯ ನಮ್ಮ ಲೇಖನದಲ್ಲಿ "ಚಂದ್ರನು ಕಡಲಿನ ನೀರನ್ನು ತನ್ನೆಡೆಗೆ ಮೇಲಕ್ಕೆ ಎಳೆಯುತ್ತಾನೆ, ಅದೇ ಉಬ್ಬರ" ಎಂಬ ಒಂದೇ ವಾಕ್ಯದಲ್ಲಿ ಇಡೀ ವಿಷಯವನ್ನು ಮುಗಿಸಲಾಗಿತ್ತು. ಆ ವಾಕ್ಯವನ್ನು ತಿದ್ದದೆ ಅಚ್ಚಿಗೆ ಕಳುಹಿಸಿದವನು ನಾನೇ. ಅದನ್ನು ನಂಬಿದರೆ ತಮ್ಮ ಆಕ್ಷೇಪಕ್ಕೂ ಉತ್ತರವಿಲ್ಲ, ಆ ಹುಡುಗಿಯ ಪ್ರಶ್ನೆಗೂ ಉತ್ತರವಿಲ್ಲ. ಉಬ್ಬರ ಹುಟ್ಟುವುದು ಚಂದ್ರನ ಸೆಳೆತದಿಂದಲ್ಲ, ಆ ಸೆಳೆತವು ಭೂಮಿಯ ಒಂದು ಬದಿಗೂ ಇನ್ನೊಂದು ಬದಿಗೂ ಒಂದೇ ಸಮನಾಗಿ ಇಲ್ಲದಿರುವುದರಿಂದ. ಈ ಒಂದು ಮಾತು ಗಟ್ಟಿಯಾದರೆ ಉಳಿದದ್ದೆಲ್ಲ ಅದರ ಹಿಂದೆಯೇ ಬರುತ್ತದೆ.

ಚಂದ್ರನು ಭೂಮಿಯಿಂದ ಸರಾಸರಿ 3,84,400 ಕಿಲೋಮೀಟರ್ ದೂರದಲ್ಲಿದ್ದಾನೆ. ಭೂಮಿಯ ಅಡ್ಡಳತೆ ಸುಮಾರು 12,740 ಕಿಲೋಮೀಟರ್. ಆದ್ದರಿಂದ ಚಂದ್ರನಿಗೆ ಎದುರಾಗಿರುವ ಬದಿಯ ಮೇಲೆ ಅವನ ಸೆಳೆತವು ಭೂಮಿಯ ನಡುಭಾಗದ ಮೇಲಿರುವುದಕ್ಕಿಂತ ಶೇಕಡ 3ಕ್ಕಿಂತ ತುಸು ಹೆಚ್ಚಾಗಿರುತ್ತದೆ, ಹಿಂಬದಿಯ ಮೇಲೆ ಅಷ್ಟೇ ಕಡಿಮೆಯಾಗಿರುತ್ತದೆ. ಇನ್ನು ಭೂಮಿಯೇನೂ ಗೂಟಕ್ಕೆ ಕಟ್ಟಿ ನಿಲ್ಲಿಸಿದ ವಸ್ತುವಲ್ಲ. ಚಂದ್ರನು ಭೂಮಿಯ ಕಡೆಗೆ ಹೇಗೋ ಹಾಗೆಯೇ ಭೂಮಿಯೂ ಸದಾ ಚಂದ್ರನ ಕಡೆಗೆ ಬೀಳುತ್ತಲೇ ಇದೆ. ಗವಿಮಠದ ಜಾತ್ರೆಗೆಂದು ಒಬ್ಬರ ಹಿಂದೊಬ್ಬರು ನಡೆದು ಹೊರಟ ಮೂವರನ್ನು ಮಕ್ಕಳಿಗೆ ನೆನಪಿಸಿ. ಮುಂದಿನವರ ನಡಿಗೆ ತುಸು ಬಿರುಸು, ನಡುವಿನವರದು ಸಾಧಾರಣ, ಹಿಂದಿನವರದು ತುಸು ನಿಧಾನ. ಮೂವರೂ ಕೊಪ್ಪಳದ ಕಡೆಗೇ ಹೋಗುತ್ತಿದ್ದಾರೆ, ಯಾರೂ ಹಿಂದಕ್ಕೆ ಹೆಜ್ಜೆಯಿಟ್ಟಿಲ್ಲ. ಆದರೂ ನಡುವಿನವರ ಕಣ್ಣಿಗೆ ಮುಂದಿನವರು ಮುಂದಕ್ಕೂ ಹಿಂದಿನವರು ಹಿಂದಕ್ಕೂ ದೂರವಾಗುತ್ತಿರುವಂತೆಯೇ ಕಾಣುತ್ತದೆ. ನಡುವಿನವರು ಭೂಮಿ, ಉಳಿದಿಬ್ಬರು ಎರಡು ಬದಿಯ ಕಡಲುಗಳು. ಹೀಗೆ ಚಂದ್ರನಿಗೆ ಎದುರಾದ ಬದಿಯಲ್ಲಿ ಒಂದು, ಅದಕ್ಕೆ ನೇರ ಹಿಂಬದಿಯಲ್ಲಿ ಒಂದು, ಒಟ್ಟು ಎರಡು ಉಬ್ಬುಗಳು ಏಳುತ್ತವೆ. ಭೂಮಿ ತನ್ನ ಸುತ್ತ ತಿರುಗುವುದರಿಂದ ಒಂದೊಂದು ಕರಾವಳಿಯೂ ಈ ಎರಡರ ಕೆಳಗೂ ಹಾದುಹೋಗುತ್ತದೆ. ಅಷ್ಟರಲ್ಲಿ ಚಂದ್ರನೂ ಮುಂದೆ ಸಾಗಿರುತ್ತಾನಾದ್ದರಿಂದ ಅವನನ್ನು ಮತ್ತೆ ನೆತ್ತಿಯ ಮೇಲೆ ಕಾಣಲು 24 ಗಂಟೆ 50 ನಿಮಿಷ ಬೇಕು. ಉಬ್ಬರಗಳ ನಡುವಿನ ಅಂತರ ಸುಮಾರು 12 ಗಂಟೆ 25 ನಿಮಿಷವಾಗುವುದು ಇದರಿಂದಲೇ.

ತಮ್ಮ ಆಕ್ಷೇಪಕ್ಕೆ ಉತ್ತರವೂ ಇಲ್ಲೇ ಇದೆ. ಚಂದ್ರನಂತೆ ಸೂರ್ಯನೂ ಎರಡು ಉಬ್ಬುಗಳನ್ನು ಎಬ್ಬಿಸುತ್ತಾನೆ, ತನ್ನ ಕಡೆ ಒಂದು, ಆಚೆ ಕಡೆ ಒಂದು. ಹುಣ್ಣಿಮೆಯಂದು ಚಂದ್ರನು ಈ ಬದಿಗೂ ಸೂರ್ಯನು ಆ ಬದಿಗೂ ಇದ್ದರೂ ಇಬ್ಬರ ಉಬ್ಬುಗಳೂ ಒಂದೇ ಗೆರೆಯ ಮೇಲೆ ಬೀಳುತ್ತವೆ, ಅಮಾವಾಸ್ಯೆಯಂದು ಬೀಳುವಂತೆಯೇ. ಅವು ಒಂದನ್ನೊಂದು ಕಳೆಯುವುದಿಲ್ಲ, ಕೂಡಿಕೊಳ್ಳುತ್ತವೆ. ನಿಜವಾಗಿ ಕಳೆಯುವುದು ಅಷ್ಟಮಿಯ ಆಸುಪಾಸಿನಲ್ಲಿ. ಆಗ ಸೂರ್ಯಚಂದ್ರರು ಲಂಬಕೋನದಲ್ಲಿದ್ದು, ಚಂದ್ರನ ಉಬ್ಬು ಇರಬೇಕಾದಲ್ಲಿ ಸೂರ್ಯನ ತಗ್ಗು ಬಂದು ಸೇರುತ್ತದೆ. ಭೂಮಿಯನ್ನೆಲ್ಲ ಆಳವಾದ ಕಡಲೇ ಮುಚ್ಚಿದ್ದರೆ ಏರಿಳಿತದಲ್ಲಿ ಚಂದ್ರನ ಪಾಲು ಸುಮಾರು 54 ಸೆಂಟಿಮೀಟರ್, ಸೂರ್ಯನ ಪಾಲು ಸುಮಾರು 25 ಸೆಂಟಿಮೀಟರ್ ಆಗುತ್ತಿತ್ತು ಎಂದು ಲೆಕ್ಕ. ಎರಡನ್ನೂ ಕೂಡಿದರೆ ಹುಣ್ಣಿಮೆ ಅಮಾವಾಸ್ಯೆಗಳದು, ಕಳೆದರೆ ಅಷ್ಟಮಿಯದು.

ಅಷ್ಟು ದೊಡ್ಡ ಸೂರ್ಯನ ಪಾಲು ಚಂದ್ರನ ಪಾಲಿನ ಅರ್ಧಕ್ಕಿಂತಲೂ ಕಡಿಮೆಯೇಕೆ ಎಂದು ಮಕ್ಕಳು ಖಂಡಿತ ಕೇಳುತ್ತಾರೆ. ಭೂಮಿಯ ಮೇಲೆ ಸೂರ್ಯನ ಸೆಳೆತವು ಚಂದ್ರನ ಸೆಳೆತದ ಸುಮಾರು 180 ಪಟ್ಟು ಎಂಬುದು ನಿಜ. ಆದರೆ ಅವನು ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿರುವುದರಿಂದ ಭೂಮಿಯ ನಡುಭಾಗಕ್ಕೂ ಅಂಚಿಗೂ ಅವನ ಸೆಳೆತದಲ್ಲಿ ಬರುವ ವ್ಯತ್ಯಾಸ ಲಕ್ಷಕ್ಕೆ 8 ಅಥವಾ 9 ಭಾಗ ಮಾತ್ರ. ಸೆಳೆತವು ದೂರದ ವರ್ಗಕ್ಕೆ ತಕ್ಕಂತೆ ಕುಗ್ಗಿದರೆ, ಉಬ್ಬರ ತರುವ ಈ ವ್ಯತ್ಯಾಸವು ದೂರದ ಘನಕ್ಕೆ ತಕ್ಕಂತೆ ಕುಗ್ಗುತ್ತದೆ. ಇದನ್ನು ಕಪ್ಪುಹಲಗೆಯ ಮೇಲೆ ಮಕ್ಕಳ ಕೈಯಿಂದಲೇ ಮಾಡಿಸಿ ಎಂದು ಕೇಳಿಕೊಳ್ಳುತ್ತೇನೆ. 180ನ್ನು ಲಕ್ಷಕ್ಕೆ ಎಂಟೂವರೆಯಿಂದ ಗುಣಿಸಿ, ಬಂದದ್ದನ್ನು ಚಂದ್ರನ ನೂರಕ್ಕೆ ಮೂರರ ಜೊತೆ ಹೋಲಿಸಿದಾಗ ಅವರಿಗೆ ಆಗುವ ಆನಂದವನ್ನು ನಮ್ಮ ಯಾವ ಲೇಖನವೂ ಕೊಡಲಾರದು.

ಈಗ ತುಂಗಭದ್ರೆಗೆ ಬರೋಣ. ಉಬ್ಬರ ತರುವ ಬಲ ಎಷ್ಟು ಚಿಕ್ಕದೆಂದರೆ, ಅದು ಭೂಮಿಯ ಗುರುತ್ವದ ಒಂದು ಕೋಟಿಯಲ್ಲಿ ಒಂದು ಭಾಗದಷ್ಟು. ಗಂಗಾವತಿಯ ಯಾವುದೇ ಅಕ್ಕಿ ಗಿರಣಿಯ ಮುಂದೆ 75 ಕಿಲೋ ಭತ್ತದ ಚೀಲವನ್ನಿಟ್ಟು, ಚಂದ್ರ ನೆತ್ತಿಗೆ ಬಂದಾಗ ತೂಗಿದರೆ, ಚೀಲದ ತೂಕದಲ್ಲಿ ಆಗುವ ಇಳಿಕೆ ಒಂದೇ ಒಂದು ಭತ್ತದ ಕಾಳಿನ ತೂಕಕ್ಕಿಂತಲೂ ಕಡಿಮೆ. ಇಂಥ ಬಲವು ನೀರನ್ನು ನೆಟ್ಟಗೆ ಮೇಲೆತ್ತುವುದು ಸಾಧ್ಯವೇ ಇಲ್ಲ. ಅದು ಮಾಡುವ ಕೆಲಸ ಬೇರೆ. ಚಂದ್ರನು ಓರೆಯಾಗಿ ಕಾಣುವ ಕಡೆಗಳಲ್ಲೆಲ್ಲ ಅದು ನೀರನ್ನು ಅಡ್ಡಕ್ಕೆ, ನೆಲದ ಉದ್ದಕ್ಕೆ, ಮೆಲ್ಲಗೆ ಜರುಗಿಸುತ್ತದೆ. ಸಾವಿರಾರು ಕಿಲೋಮೀಟರ್ ಹರಡಿದ ಕಡಲಿನಲ್ಲಿ ಎಲ್ಲೆಲ್ಲಿಂದಲೋ ಜರುಗಿ ಬಂದ ನೀರು ಒಂದೆಡೆ ಸೇರಿದಾಗ ಅಲ್ಲಿ ಮಟ್ಟ ಏರುತ್ತದೆ. ಎಂದರೆ ಉಬ್ಬರಕ್ಕೆ ಬೇಕಾದದ್ದು ನೀರಿನ ಆಳಕ್ಕಿಂತ ಮೊದಲು ಅದರ ಹರವು. ತುಂಗಭದ್ರಾ ಜಲಾಶಯ ತುಂಬಿದಾಗ ಸುಮಾರು 378 ಚದರ ಕಿಲೋಮೀಟರ್ ಹರಡುತ್ತದೆ. ನಮ್ಮ ಕಣ್ಣಿಗೆ ಅದು ಕಡಲು. ಭೂಗೋಳದ ಮೇಲೆ ಚುಕ್ಕೆ. 50 ಕಿಲೋಮೀಟರ್ ಉದ್ದದ ನೀರಿನಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಚಂದ್ರನು ತರಬಲ್ಲ ವ್ಯತ್ಯಾಸ ಹೆಚ್ಚೆಂದರೆ ನಾಲ್ಕು ಮಿಲಿಮೀಟರ್. ಆಷಾಢದ ಗಾಳಿಗೆ ದಂಡೆಯ ಕಲ್ಲಿಗೆ ಬಡಿಯುವ ಅಲೆಯೊಂದೇ ಅದರ ಹತ್ತಾರು ಪಟ್ಟು ಇರುತ್ತದೆ. ಕಾಲುವೆಗೆ ನೀರು ಬಿಟ್ಟರೆ ಮಟ್ಟ ಇಳಿಯುತ್ತದೆ, ಮಲೆನಾಡಿನಲ್ಲಿ ಮಳೆಯಾದರೆ ಏರುತ್ತದೆ. ಇವೆಲ್ಲದರ ನಡುವೆ ಆ ನಾಲ್ಕು ಮಿಲಿಮೀಟರನ್ನು ಅಣೆಕಟ್ಟಿನ ಮೇಲೆ ನಿಂತು ಗುರುತಿಸಲಾಗದು.

ಕಡಲಿನಲ್ಲಿಯೂ ಎಲ್ಲ ಕಡೆ ಒಂದೇ ಲೆಕ್ಕ ನಡೆಯುವುದಿಲ್ಲ. 1687ರಲ್ಲಿ ನ್ಯೂಟನ್ ಕೊಟ್ಟ ವಿವರಣೆಯಲ್ಲಿ ಉಬ್ಬರದ ಕಾರಣ ಸಿಕ್ಕಿತೇ ಹೊರತು ಒಂದೊಂದು ಬಂದರಿನ ಲೆಕ್ಕ ಸಿಗಲಿಲ್ಲ. ನೀರು ಹರಿಯಲು ಹೊತ್ತು ಹಿಡಿಯುತ್ತದೆ, ಖಂಡಗಳು ಅಡ್ಡ ಬರುತ್ತವೆ, ತಳ ಆಳವಿಲ್ಲದೆಡೆ ಅಲೆ ನಿಧಾನವಾಗುತ್ತದೆ ಎಂಬುದನ್ನೆಲ್ಲ ಗಣಿತಕ್ಕೆ ತಂದವನು ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್, 1770ರ ದಶಕದಲ್ಲಿ. ಆದ್ದರಿಂದಲೇ ದೊಡ್ಡ ಉಬ್ಬರ ಅನೇಕ ಕಡೆ ಹುಣ್ಣಿಮೆಯಂದೇ ಬಾರದೆ ಒಂದೆರಡು ದಿನ ತಡವಾಗಿ ಬರುತ್ತದೆ. ನಮ್ಮ ಕಾರವಾರದಲ್ಲಿ ಏರಿಳಿತ ಎರಡು ಮೀಟರಿನ ಆಸುಪಾಸಿನಲ್ಲಿದ್ದರೆ, ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಅದೇ ನೀರು ಒಳಹೋದಂತೆ ಇಕ್ಕಟ್ಟಾಗಿ ಹತ್ತು ಮೀಟರ್ ಮುಟ್ಟುತ್ತದೆ.

ಪತ್ರದ ಕೊನೆಯಲ್ಲಿ, "ಹಾಗಾದರೆ ನಮ್ಮ ಊರಿಗೆ ಚಂದ್ರ ಏನೂ ಮಾಡುವುದಿಲ್ಲವೇ?" ಎಂದು ಆ ಹುಡುಗಿ ಬೇಸರದಿಂದ ಕೇಳಿದಳೆಂದು ಬರೆದಿದ್ದೀರಿ. ಮಾಡುತ್ತಾನೆಂದು ಅವಳಿಗೆ ದಯವಿಟ್ಟು ತಿಳಿಸಿ. ಕಡಲಿನಂತೆ ಗಟ್ಟಿ ನೆಲವೂ ದಿನಕ್ಕೆ ಎರಡು ಬಾರಿ ಉಬ್ಬಿ ತಗ್ಗುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳ ದಿನಗಳಲ್ಲಿ ಈ ಏರಿಳಿತ 30 ಸೆಂಟಿಮೀಟರ್ ಅಥವಾ ಅದಕ್ಕೂ ಹೆಚ್ಚು. ಅಣೆಕಟ್ಟು, ಅದರ 33 ಗೇಟುಗಳು, ಹಿನ್ನೀರು, ಕೊಪ್ಪಳದ ಕೋಟೆಯ ಬಂಡೆ, ಅವಳ ಶಾಲೆ, ಎಲ್ಲವೂ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಬಂಡೆಯ ಆಳದ ಬಿರುಕುಗಳಲ್ಲಿ ಒತ್ತಡದಿಂದ ಸಿಕ್ಕಿಕೊಂಡಿರುವ ನೀರಿಗೆ ಅದು ಗೊತ್ತಾಗುತ್ತದೆ. ನೆಲ ಉಬ್ಬಿದಾಗ ಬಿರುಕುಗಳು ಕೂದಲೆಳೆಯಷ್ಟೂ ಅಲ್ಲದಷ್ಟು ಅಗಲವಾಗಿ, ಅಂಥ ಆಳದ ಬಾವಿಗಳಲ್ಲಿ ನೀರಿನ ಮಟ್ಟ ಕೆಲವು ಸೆಂಟಿಮೀಟರ್ ಇಳಿಯುತ್ತದೆ. ನೆಲ ತಗ್ಗಿದಾಗ ಮತ್ತೆ ಏರುತ್ತದೆ. ಚಂದ್ರ ನೆತ್ತಿಯ ಮೇಲಿದ್ದಾಗ ಕಡಲು ಉಬ್ಬಲು ಹವಣಿಸಿದರೆ, ಅಂಥ ಬಾವಿಯ ನೀರು ಇಳಿಯುತ್ತಿರುತ್ತದೆ.

ತಮ್ಮ ವಿಶ್ವಾಸದ,
ಸಂಪಾದಕ